ನೆಪದ ಹಿಂದಿರುವ ಅಂಜಿಕೆ

ಆರೋಗ್ಯಕ್ಕಾಗಿ ದಿನವೂ ನಡೆಯಬೇಕೆಂಬುದನ್ನು ಅರಿಯದವರು ಇಂದು ವಿರಳ. ರಕ್ತದಲ್ಲಿ ಸಕ್ಕರೆಯ ಅಂಶ ಏರುತ್ತಿದೆಯೆಂದು ವೈದ್ಯರು ಎಚ್ಚರಿಸಿದ ದಿನ, ‘ನಾಳೆಯಿಂದಲೇ ನಡೆಯುತ್ತೇನೆ’ ಎಂದು ನಿಶ್ಚಯಿಸಿ ಮನೆಗೆ ಮರಳುತ್ತೇವೆ. ನಾಳೆ ಬಂದಾಗ ಮಳೆ. ನಾಡಿದ್ದು ಮನೆಗೆ ನೆಂಟರು. ಆಮೇಲೆ ಬಿತ್ತನೆ, ಬಳಿಕ ಮಗಳ ಪರೀಕ್ಷೆ, ಅನಂತರ ಊರ ಜಾತ್ರೆ. ಹೀಗೆ ತಿಂಗಳುಗಳು ಸರಿದು, ಮುಂದಿನ ತಪಾಸಣೆಯ ವೇಳೆಗೆ ಸಕ್ಕರೆ ಇನ್ನಷ್ಟು ಏರಿರುತ್ತದೆ. ಮಳೆಯೂ ನಿಜ, ನೆಂಟರೂ ನಿಜ. ಆದರೂ ಇವು ಕಾರಣಗಳೋ ನೆಪಗಳೋ ಎಂಬುದನ್ನು ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ.

ಈ ಪ್ರಶ್ನೆ ಸಣ್ಣದಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯನ್ನು ಅಧ್ಯಯನಕ್ಕೆ ಒಳಪಡಿಸಿ, 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ನಿತ್ಯದ ನಡಿಗೆ ಮತ್ತು ಆಹಾರದ ಹಿತಮಿತಗಳನ್ನು ನಿರಂತರ ಮಾರ್ಗದರ್ಶನದೊಂದಿಗೆ ರೂಢಿಸಿಕೊಂಡವರಲ್ಲಿ ಈ ಸಂಖ್ಯೆ ಸುಮಾರು 39ಕ್ಕೆ ಇಳಿಯಿತು. ಅಂದರೆ ಪ್ರತಿ ನೂರು ಜನರಲ್ಲಿ ಹದಿನಾರು ಮಂದಿ ಆ ಅವಧಿಯಲ್ಲಿ ರೋಗದಿಂದ ದೂರ ಉಳಿದರು. ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆಯನ್ನು ಮುಂದೂಡುವ ನೆಪಕ್ಕೆ ನಾವು ತೆರುವ ಬೆಲೆಯನ್ನು ಇದರಿಂದ ಊಹಿಸಬಹುದು.

ನೆಪ ಹುಟ್ಟುವುದೆಲ್ಲಿ?

ನೆಪ ಹೇಳುವವರನ್ನು ನಾವು ಸೋಮಾರಿಗಳೆಂದು ಸುಲಭವಾಗಿ ಜರೆಯುತ್ತೇವೆ. ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯನ್ನು ನೆನೆದು ನಗುತ್ತೇವೆ. ಆದರೆ ಆಕೆ ನೆಲವನ್ನು ದೂರಿದ್ದು ಸೋಮಾರಿತನದಿಂದಲ್ಲ. ತನಗೆ ಕುಣಿಯಲು ಬಾರದೆಂಬುದು ನಾಲ್ವರಿಗೆ ತಿಳಿದೀತೆಂಬ ಅಂಜಿಕೆಯಿಂದ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಅಂಜಿಕೆಯನ್ನು ತೆರೆದು ತೋರಿಸಿತು. ಕೆಲವು ವಿದ್ಯಾರ್ಥಿಗಳಿಗೆ ಬಿಡಿಸಲಾಗದ ಪ್ರಶ್ನೆಗಳನ್ನು ಕೊಟ್ಟು, ಬಳಿಕ ‘ನೀವು ಬಹಳ ಚೆನ್ನಾಗಿ ಉತ್ತರಿಸಿದಿರಿ’ ಎಂದು ಹೇಳಲಾಯಿತು. ತಾವು ಗೆದ್ದದ್ದು ಹೇಗೆಂಬುದು ಅವರಿಗೇ ತಿಳಿಯದು. ಎರಡನೆಯ ಪರೀಕ್ಷೆಗೆ ಮುನ್ನ ಎರಡು ಔಷಧಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿತ್ತು: ಒಂದು ಬುದ್ಧಿಯನ್ನು ಚುರುಕುಗೊಳಿಸುವುದು, ಇನ್ನೊಂದು ಮಂದಗೊಳಿಸುವುದು ಎಂದು ಅವರಿಗೆ ತಿಳಿಸಲಾಗಿತ್ತು. ಆಶ್ಚರ್ಯವೆಂದರೆ, ಇಂತಹ ಪುರುಷ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮಂದಗೊಳಿಸುವ ಔಷಧವನ್ನೇ ಬಯಸಿದರು! ಸೋತರೆ ತಪ್ಪು ಔಷಧದ್ದು. ತಮ್ಮ ಸಾಮರ್ಥ್ಯದ ಮೇಲೆ ಕಳಂಕ ಬಾರದು.

ನಮ್ಮ ನೆಪಗಳೂ ಇಂತಹ ಔಷಧಗಳೇ. ‘ಸಮಯವಿದ್ದಿದ್ದರೆ ನಡೆಯುತ್ತಿದ್ದೆ’ ಎನ್ನುವವನು, ನಡೆಯಲು ಹೊರಟು ಎಂಟು ದಿನಗಳಲ್ಲಿ ಕೈಬಿಟ್ಟೆನೆಂಬ ಅವಮಾನದಿಂದ ಪಾರಾಗುತ್ತಾನೆ. ನೆಪವು ಮಾನವನ್ನು ಕಾಯುತ್ತದೆ, ದೇಹವನ್ನು ಕಾಯುವುದಿಲ್ಲ.

ಧೈರ್ಯ ಮೊದಲೋ, ಹೆಜ್ಜೆ ಮೊದಲೋ?

ಮನಸ್ಸಿನಲ್ಲಿ ಆತ್ಮವಿಶ್ವಾಸ ತುಂಬಿದ ಮೇಲೆ ಕಾರ್ಯಕ್ಕೆ ತೊಡಗೋಣವೆಂದು ಬಹಳಷ್ಟು ಜನ ಕಾಯುತ್ತಾರೆ. ಇದು ಕ್ರಮವನ್ನು ತಲೆಕೆಳಗು ಮಾಡಿದಂತೆ. ‘ಈ ಕೆಲಸ ನನ್ನಿಂದ ಸಾಧ್ಯ’ ಎಂಬ ನಂಬಿಕೆ ಹೇಗೆ ಮೂಡುತ್ತದೆಂಬುದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದರು. ಅವರು ಅದಕ್ಕೆ ನಾಲ್ಕು ಮೂಲಗಳನ್ನು ಗುರುತಿಸಿದರು.

ಮೊದಲನೆಯದೂ ಎಲ್ಲಕ್ಕಿಂತ ಬಲವಾದದ್ದೂ ಸ್ವಂತ ಅನುಭವ. ಸೋಲಲಾಗದಷ್ಟು ಚಿಕ್ಕ ಗುರಿಯಿಂದ ಆರಂಭಿಸಬೇಕು. ಮೊದಲ ವಾರ ಐದೇ ನಿಮಿಷ, ಬೀದಿಯ ಕೊನೆಯವರೆಗೆ ಹೋಗಿ ಬಂದರೆ ಸಾಕು. ಐದು ನಿಮಿಷಗಳ ನಡಿಗೆಯಿಂದ ಸಕ್ಕರೆ ಹೆಚ್ಚೇನೂ ಇಳಿಯದಿರಬಹುದು; ಆದರೆ ‘ನನ್ನಿಂದಾಗದು’ ಎಂಬ ಮಾತಿಗೆ ವಿರುದ್ಧವಾಗಿ ಏಳು ಸಾಕ್ಷಿಗಳು ಸಿದ್ಧವಾಗಿರುತ್ತವೆ.

ಎರಡನೆಯದು ನಮ್ಮಂತಹವರನ್ನು ಕಾಣುವುದು. ಕ್ರೀಡಾಪಟುವಿನ ಓಟಕ್ಕಿಂತ, ನಮ್ಮದೇ ವಯಸ್ಸಿನ ನೆರೆಯವರು ನಿತ್ಯ ನಡೆಯುವುದು ನಮಗೆ ಹೆಚ್ಚು ಧೈರ್ಯ ಕೊಡುತ್ತದೆ. ಮೂರನೆಯದು ಹಿತವರ ಮಾತು. ಮನೆಯವರು ‘ನಿನಗೆಲ್ಲಿ ಸಾಧ್ಯ’ ಎನ್ನುವ ಬದಲು ‘ನಿನ್ನೆ ಹೋಗಿದ್ದಿರಿ, ಇಂದೂ ಹೋಗಿ ಬನ್ನಿ’ ಎಂದರೆ ಅದೇ ದೊಡ್ಡ ಸಹಾಯ. ನಾಲ್ಕನೆಯದು ದೇಹದ ಸೂಚನೆಗಳನ್ನು ಸರಿಯಾಗಿ ಅರಿಯುವುದು. ಮೊದಲ ದಿನಗಳಲ್ಲಿ ಉಸಿರು ಸ್ವಲ್ಪ ವೇಗವಾಗುವುದು, ಮೈ ಬೆವರುವುದು ಅಶಕ್ತಿಯ ಗುರುತಲ್ಲ. ನಡೆಯುತ್ತ ಮಾತನಾಡಲು ಸಾಧ್ಯ, ಹಾಡಲು ಕಷ್ಟ ಎನ್ನುವಷ್ಟು ಶ್ರಮ ಸಾಧಾರಣವಾಗಿ ಯೋಗ್ಯವಾದುದು.

ನೆಪಕ್ಕೆ ಮೊದಲೇ ಉತ್ತರ

ನೆಪಗಳು ಪ್ರತಿದಿನವೂ ಹೊಸದಾಗಿ ಬರುವುದಿಲ್ಲ. ಬಹುಪಾಲು ಅವೇ ಮೂರು-ನಾಲ್ಕು ಮರಳಿ ಬರುತ್ತವೆ. ಆದ್ದರಿಂದ ಅವುಗಳಿಗೆ ಉತ್ತರವನ್ನು ಮುಂಚಿತವಾಗಿ ನಿಶ್ಚಯಿಸಿಕೊಳ್ಳಬಹುದು. ‘ಮಳೆ ಬಂದರೆ ಪಡಸಾಲೆಯಲ್ಲಿಯೇ ಹತ್ತು ನಿಮಿಷ ನಡೆಯುವೆ’, ‘ನೆಂಟರು ಬಂದರೆ ಊಟದ ಬಳಿಕ ಅವರೊಡನೆ ಹೊರಡುವೆ’ ಎಂದು ಹಾಳೆಯಲ್ಲಿ ಬರೆದಿಡಬೇಕು. ಹೀಗಾದರೆ ಹೀಗೆ ಎಂಬ ಈ ಬಗೆಯ ಯೋಜನೆಯು ಬರಿಯ ಸಂಕಲ್ಪಕ್ಕಿಂತ ಹೆಚ್ಚು ಫಲಕಾರಿಯೆಂದು ಪೀಟರ್ ಗೋಲ್ವಿಟ್ಜರ್ ಅವರ ಸಂಶೋಧನೆಗಳು ತೋರಿಸಿವೆ.

ಒಂದು ದಿನ ತಪ್ಪಿದರೆ ಎಲ್ಲವೂ ಮುರಿಯಿತೆಂದು ಕೈಚೆಲ್ಲುವುದು ಮತ್ತೊಂದು ದೊಡ್ಡ ನೆಪ. ಲಂಡನ್ನಿನಲ್ಲಿ ಫಿಲಿಪ್ಪ ಲಾಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಬೇರೂರಲು ಕೆಲವರಿಗೆ 18 ದಿನಗಳು ಸಾಕಾದರೆ, ಇನ್ನು ಕೆಲವರಿಗೆ 254 ದಿನಗಳು ಬೇಕೆಂದು ಅಂದಾಜಾಯಿತು. ಮಧ್ಯಮ ಪ್ರಮಾಣ 66 ದಿನಗಳು. ನಡುವೆ ಒಮ್ಮೆ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ. ತಪ್ಪಿದ ದಿನಕ್ಕಾಗಿ ಕೊರಗದೆ, ಮರುದಿನ ತಪ್ಪದಂತೆ ನೋಡಿಕೊಂಡರೆ ಸಾಕು.

ನಿಜವಾದ ಕಾರಣಗಳು

ಎಲ್ಲ ಅಡ್ಡಿಗಳನ್ನೂ ನೆಪವೆಂದು ತಳ್ಳಿಹಾಕುವುದು ಸಲ್ಲದು. ನಡೆಯುವಾಗ ಎದೆ ಬಿಗಿದರೆ ಅಥವಾ ತಲೆ ಸುತ್ತಿದರೆ ಕೂಡಲೇ ನಿಂತು ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಸೇವಿಸುವವರು ಅವರ ಸಲಹೆ ಪಡೆದೇ ಆರಂಭಿಸಿ, ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇಟ್ಟುಕೊಂಡಿರಬೇಕು. ಪಾದಗಳಲ್ಲಿ ಸ್ಪರ್ಶಜ್ಞಾನ ಕುಂದಿದವರು ಬರಿಗಾಲಿನಲ್ಲಿ ನಡೆಯಬಾರದು. ಎರಡು ವಾರಗಳಿಗೂ ಮೀರಿ ಮನಸ್ಸು ಕುಗ್ಗಿ, ಯಾವುದರಲ್ಲಿಯೂ ಆಸಕ್ತಿ ಇಲ್ಲವಾದರೆ ಅದು ಖಿನ್ನತೆಯಿರಬಹುದು. ಅದಕ್ಕೆ ಬೇಕಾದುದು ಚಿಕಿತ್ಸೆ, ಬೈಗುಳವಲ್ಲ.

ಕಾರಣಕ್ಕೂ ನೆಪಕ್ಕೂ ಒಂದು ಸರಳ ವ್ಯತ್ಯಾಸವಿದೆ. ಕಾರಣವು ಪರಿಹಾರವನ್ನು ಹುಡುಕುತ್ತದೆ; ನೆಪವು ಪರಿಹಾರ ದೊರೆತ ಕೂಡಲೇ ಇನ್ನೊಂದು ನೆಪವನ್ನು ಹುಡುಕುತ್ತದೆ. ಇಂದು ಸಂಜೆ ನಮ್ಮ ಮನಸ್ಸು ಯಾವುದನ್ನು ಹುಡುಕುತ್ತಿದೆಯೆಂದು ಒಮ್ಮೆ ಗಮನಿಸೋಣ. ಬಳಿಕ ಪಾದರಕ್ಷೆ ಮೆಟ್ಟಿ, ಐದು ನಿಮಿಷ ಹೊರಗೆ ಹೋಗಿ ಬರೋಣ.