ಮಗುವಿನಲ್ಲಿ ಆಟಿಸಂ: ತಂದೆಯೂ ತನ್ನನ್ನು ಗುರುತಿಸಿಕೊಂಡಾಗ

ಕೆಲವು ವರ್ಷಗಳ ಹಿಂದೆ ಕಿರಿಮಂಜೇಶ್ವರ ಕಡೆಯ ತಂದೆಯೊಬ್ಬರು ಮೂರು ವರ್ಷದ ಮಗನನ್ನು ಎತ್ತಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಮಗು ಮಾತನಾಡುತ್ತಿರಲಿಲ್ಲ, ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಇಗರ್ಜಿಯ ಗಂಟೆ ಬಾರಿಸಿದರೆ ಮಾತ್ರ ಕಿವಿ ಮುಚ್ಚಿಕೊಂಡು ಚೀರುತ್ತಿತ್ತು. "ಗಂಡುಮಕ್ಕಳಿಗೆ ಮಾತು ತಡ. ಕಾಯಿರಿ, ಪ್ರಾರ್ಥಿಸೋಣ" ಎಂದೆವು. ಅವರು ಎರಡು ವರ್ಷ ಕಾದರು. ಪ್ರಾರ್ಥಿಸೋಣ ಎಂದದ್ದು ತಪ್ಪಲ್ಲ, ಕಾಯಿರಿ ಎಂದದ್ದು ತಪ್ಪು. ಐದನೇ ವರ್ಷದಲ್ಲಿ ವೈದ್ಯರು ಆಟಿಸಂ ಎಂದರು. ಆ ತಂದೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಆಟಿಸಂ ಎಂದರೆ ಹುಚ್ಚಲ್ಲ, ಸೋಂಕಲ್ಲ, ಯಾರ ಶಾಪವೂ ಅಲ್ಲ. ಮೆದುಳು ಹುಟ್ಟಿನಿಂದಲೇ ಬೇರೆ ರೀತಿಯಲ್ಲಿ ಬೆಳೆಯುವುದರಿಂದ ಇತರರೊಂದಿಗೆ ಬೆರೆಯುವ, ಮಾತನಾಡುವ, ಸದ್ದು ಬೆಳಕನ್ನು ಸಹಿಸುವ ರೀತಿಯೇ ಭಿನ್ನವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅಂದರೆ ಯಾವ ಧರ್ಮಕೇಂದ್ರವೂ ಇದಕ್ಕೆ ಹೊರತಲ್ಲ.

ಒಂದು ವರ್ಷವಾದರೂ ಹೆಸರಿಗೆ ಓಗೊಡದಿರುವುದು, ಬೇಕಾದುದನ್ನು ಬೆರಳು ಮಾಡಿ ತೋರಿಸದಿರುವುದು, ಒಂದೂವರೆ ವರ್ಷಕ್ಕೂ ಒಂದೇ ಒಂದು ಪದ ಬಾರದಿರುವುದು, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿರುವುದು ಎಚ್ಚರಿಕೆಯ ಚಿಹ್ನೆಗಳು. ಕೆಲವು ಮಕ್ಕಳು ಆಟದ ಕಾರನ್ನು ಓಡಿಸುವುದಿಲ್ಲ, ಚಕ್ರವನ್ನಷ್ಟೇ ತಿರುಗಿಸುತ್ತಾ ಕೂರುತ್ತಾರೆ. ಕಲಿತ ಮಾತು ಯಾವ ವಯಸ್ಸಿನಲ್ಲಿ ನಿಂತುಹೋದರೂ ಒಡನೆ ವೈದ್ಯರಲ್ಲಿಗೆ ಹೋಗಬೇಕು. ಮೊದಲು ಕಿವಿಯ ಪರೀಕ್ಷೆಯೂ ಆಗಲೇಬೇಕು. ಹೆಣ್ಣುಮಕ್ಕಳು ಇತರರನ್ನು ನೋಡಿ ಅನುಕರಿಸಿ ತಮ್ಮ ಕಷ್ಟವನ್ನು ಮರೆಮಾಚುವುದುಂಟು. "ಪಾಪದ ಹುಡುಗಿ, ನಾಚಿಕೆ" ಎಂದು ನಾವು ದಾಟಿಬಿಡುತ್ತೇವೆ.

ನಮ್ಮ ಕಡೆಯ ಒಂದು ಗೊಂದಲವನ್ನು ಇಲ್ಲಿ ಹೇಳಬೇಕು. ಮನೆಯಲ್ಲಿ ಕೊಂಕಣಿ, ಹೊರಗೆ ಕುಂದಾಪ್ರ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಇದರಿಂದಲೇ ಮಗುವಿಗೆ ಮಾತು ಬರಲಿಲ್ಲವೆಂದು ಎಷ್ಟೋ ಮನೆಗಳಲ್ಲಿ ಕೊಂಕಣಿಯನ್ನೇ ನಿಲ್ಲಿಸಿದ್ದಾರೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ, ಆಟಿಸಂ ಇರುವ ಮಗುವಿಗೆ ಅದರಿಂದ ಹಾನಿಯೂ ಇಲ್ಲ. ಅಜ್ಜಿಯ ಭಾಷೆಯನ್ನು ಮಗುವಿನಿಂದ ಕಿತ್ತುಕೊಳ್ಳಬೇಡಿ.

ಇನ್ನು ಆ ತಂದೆಯ ವಿಷಯ. ಅವರು ದೋಣಿಯ ಎಂಜಿನ್ ರಿಪೇರಿ ಮಾಡುವವರು. ಸದ್ದು ಕೇಳಿಯೇ ದೋಷ ಎಲ್ಲಿದೆಯೆಂದು ಹೇಳಬಲ್ಲರು. ಆದರೆ ರೋಸ್ ಕಾರ್ಯಕ್ರಮಕ್ಕೆ ಹೋದರೆ ಬ್ಯಾಂಡ್ ಶುರುವಾದ ಹತ್ತು ನಿಮಿಷದಲ್ಲಿ ಹೊರಗೆ. ಯಾರ ಮುಖ ನೋಡಿಯೂ ಮಾತನಾಡುವುದಿಲ್ಲ. ಊರಿನವರು ಅದನ್ನು ಅಹಂಕಾರ ಎಂದುಕೊಂಡಿದ್ದರು. "ಅಪ್ಪನ್ ಹಾಂಗೆ ಮಗ" ಎಂದು ನೆರೆಮನೆಯವರು ನಗುತ್ತಿದ್ದರಂತೆ. ಮನೋವೈದ್ಯರು ಮಗುವಿನ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದಾಗ ಇವರಿಗೆ ಮೈ ಬೆವರಿತು. "ಫಾದರ್, ಅವರು ಕೇಳಿದ್ದು ಮಗನ ವಿಷಯ. ನನಗೆ ನೆನಪಾದದ್ದು ನನ್ನ ಬಾಲ್ಯ" ಎಂದರು.

ಇದು ಅಪರೂಪವಲ್ಲ. 2019ರಲ್ಲಿ ಪ್ರಕಟವಾದ, ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ಅಧ್ಯಯನವೊಂದರ ಪ್ರಕಾರ ಆಟಿಸಂನಲ್ಲಿ ವಂಶವಾಹಿಯ ಪಾಲು ಸುಮಾರು 80 ಶೇಕಡಾ. ಹಾಗೆಂದು ಮಾತು ಕಡಿಮೆಯಿರುವ ಎಲ್ಲರಿಗೂ ಆಟಿಸಂ ಎನ್ನುವಂತಿಲ್ಲ. ಪ್ರಶ್ನಾವಳಿ ತುಂಬಿಸಿ ತಾವೇ ತೀರ್ಮಾನಿಸುವುದೂ ಸರಿಯಲ್ಲ. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬಾಲ್ಯದಿಂದ ವಿಚಾರಿಸಿಯೇ ಹೇಳಬೇಕು. ತಾಯಿ ಬದುಕಿದ್ದರೆ ಅವರನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು.

ವಂಶದಿಂದ ಬಂತು ಎಂದೊಡನೆ "ಯಾರ ಕಡೆಯಿಂದ?" ಎಂಬ ಜಗಳ ಶುರುವಾಗುತ್ತದೆ. ಹಿಂದೆ ವೈದ್ಯರೇ ತಾಯಂದಿರನ್ನು ದೂರಿದ್ದರು, ಪ್ರೀತಿ ಕೊಡದ ತಾಯಿಯಿಂದ ಹೀಗಾಗುತ್ತದೆ ಎಂದಿದ್ದರು. ಆ ವಾದ ಬಿದ್ದುಹೋಗಿದೆ. ಲಸಿಕೆಯ ಮೇಲೆ ಆರೋಪ ಹೊರಿಸಿದ 1998ರ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿದೆ. ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಗುಣವಾಗುತ್ತದೆ ಎಂಬ ಜಾಹೀರಾತುಗಳಿಗೂ ಪುರಾವೆಯಿಲ್ಲ, ಚಿನ್ನ ಅಡವಿಟ್ಟು ಹಣ ಸುರಿಯಬೇಡಿ.

ಮೊದಲು ಮಕ್ಕಳ ವೈದ್ಯರನ್ನು ಕಾಣಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಮಂಗಳೂರಿನ ಫಾದರ್ ಮುಲ್ಲರ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಶ್ರವಣದ ತಜ್ಞರಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಆದ್ದರಿಂದ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಬಹುದು. ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ. ವಾಳೆಯ ಗುರಿಕಾರರು ಈ ಅರ್ಜಿಗಳಿಗೆ ನೆರವಾದರೆ ದೊಡ್ಡ ಉಪಕಾರ.

2014ರ ನವೆಂಬರ್ 22ರಂದು ವ್ಯಾಟಿಕನ್ನಿನಲ್ಲಿ ಆಟಿಸಂ ಕುರಿತ ಸಮ್ಮೇಳನಕ್ಕೆ ಬಂದವರೊಡನೆ ಮಾತನಾಡಿದ ಅಂದಿನ ಪೋಪ್ ಫ್ರಾನ್ಸಿಸ್, ಈ ಕುಟುಂಬಗಳ ಒಂಟಿತನವನ್ನು ಮುರಿಯಲು ಎಲ್ಲರೂ ಕೈಜೋಡಿಸಬೇಕೆಂದು ಕೇಳಿಕೊಂಡಿದ್ದರು. ಬಲಿಪೂಜೆಯ ನಡುವೆ ಮಗು ಕೂಗಿದಾಗ ತಿರುಗಿ ದುರುಗುಟ್ಟಿ ನೋಡದಿರುವುದರಿಂದಲೇ ನಾವು ಆರಂಭಿಸಬಹುದು. ಕ್ರಿಸ್ತೀಯ ಶಿಕ್ಷಣದ ಶಿಕ್ಷಕರು ಚಿತ್ರ ತೋರಿಸಿ, ಮುಂದೆ ಏನು ನಡೆಯಲಿದೆ ಎಂದು ಮೊದಲೇ ಹೇಳಿದರೆ ಈ ಮಕ್ಕಳ ಅರ್ಧ ಭಯ ಇಳಿಯುತ್ತದೆ.

ಆ ಹುಡುಗನಿಗೆ ಕಳೆದ ವರ್ಷ ಪ್ರಥಮ ಪರಮಪ್ರಸಾದವಾಯಿತು, ಬ್ಯಾಂಡ್ ಇಲ್ಲದ ವಾರದ ದಿನದ ಪೂಜೆಯಲ್ಲಿ. ತಂದೆ ಮಗ ಈಗಲೂ ಪಕ್ಕದ ಬಾಗಿಲಿನ ಹತ್ತಿರವೇ ಕೂರುತ್ತಾರೆ. ಗಂಟೆ ಬಾರಿಸುವ ಮೊದಲು ಮಿರೋಣ್ ಅವರತ್ತ ನೋಡಿ ತಲೆಯಾಡಿಸುತ್ತಾರೆ, ಇಬ್ಬರೂ ಒಟ್ಟಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ.