ಎಡಗಿವಿಗೆ ಮಾತ್ರ ಕೇಳುವ ಹಾಡು

ಪ್ರಶ್ನೆ: ಮನೆಯಲ್ಲಿ ಒಂದೇ ಮೈಕ್ ಇಟ್ಟು ಹಾಡು ರೆಕಾರ್ಡ್ ಮಾಡುತ್ತೇನೆ. ಹೆಡ್‌ಫೋನ್ ಹಾಕಿ ಕೇಳಿದರೆ ದನಿ ಎಡಗಿವಿಗೆ ಮಾತ್ರ ಬರುತ್ತದೆ. ಮೈಕ್ ಕೆಟ್ಟಿದೆಯೇ?

ಉತ್ತರ: ಮೈಕಿಗೆ ಏನೂ ಆಗಿರಲಾರದು, ಹೊಸದು ಕೊಳ್ಳಲು ಹೊರಡಬೇಡಿ. ನೀವು ತೆರೆದಿರುವುದು ಸ್ಟೀರಿಯೋ ಟ್ರ್ಯಾಕ್ ಇರಬೇಕು. ಅದು ಇಂಟರ್‌ಫೇಸಿನ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯ) 1ನೇ ಇನ್‌ಪುಟ್ಟನ್ನು ಎಡಕ್ಕೂ 2ನೆಯದನ್ನು ಬಲಕ್ಕೂ ಕಳಿಸುತ್ತದೆ. ನಿಮ್ಮ ಮೈಕ್ 1ರಲ್ಲಿದೆ, 2 ಖಾಲಿ. ಟ್ರ್ಯಾಕನ್ನು ಮೋನೋ ಮಾಡಿ, ದನಿ ನಡುವಿಗೆ ಬರುತ್ತದೆ. ಈಗಾಗಲೇ ಹಾಡಿದ್ದನ್ನು ಅಳಿಸಬೇಕಿಲ್ಲ, ಎಡಭಾಗವನ್ನಷ್ಟೇ ಬೇರ್ಪಡಿಸಿಕೊಳ್ಳಿ.

ವಿಚಿತ್ರವೆಂದರೆ, ನಡುವೆ ಯಾವ ಸ್ಪೀಕರೂ ಇಲ್ಲ! ಎರಡೂ ಕಡೆಯಿಂದ ಒಂದೇ ಸದ್ದು ಸಮನಾಗಿ ಬಂದಾಗ ಮಿದುಳೇ ಅದನ್ನು ಮಧ್ಯದಲ್ಲಿ ಕೂರಿಸುತ್ತದೆ. ಪ್ಯಾನ್ ಗುಂಡಿ ತಿರುಗಿಸಿದಾಗ ಒಂದು ಕಡೆಯ ಮಟ್ಟ ಇಳಿಯುತ್ತದೆ, ಸದ್ದು ಇನ್ನೊಂದು ಕಡೆಗೆ ಸರಿದಂತೆ ತೋರುತ್ತದೆ. ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ ಸ್ಟೀರಿಯೋ ಧ್ವನಿಮುದ್ರಣದ ಪೇಟೆಂಟಿಗೆ ಅರ್ಜಿ ಹಾಕಿದ್ದು 1931ರಲ್ಲೇ.

ಟ್ರ್ಯಾಕುಗಳನ್ನು ಎಡಬಲಕ್ಕೆ ಹಂಚುವಾಗ ಹಾಡಿನ ದನಿಯೂ ಬೇಸ್ ಕೂಡ ಮಧ್ಯದಲ್ಲೇ ಇರಲಿ. ಗಿಟಾರಿಗೆ ಅಗಲ ಬರಲೆಂದು ಅದೇ ಟ್ರ್ಯಾಕನ್ನು ನಕಲು ಮಾಡಿ ಎಡಬಲಕ್ಕೆ ಎಳೆಯುವವರಿದ್ದಾರೆ. ದಂಡ. ಎರಡೂ ಒಂದೇ ಆದ್ದರಿಂದ ಅದು ಮತ್ತೆ ನಡುವಿಗೇ ಬಂದು ಕೂರುತ್ತದೆ, ಸದ್ದಷ್ಟೇ ಜೋರಾಗುತ್ತದೆ. ಅದರ ಬದಲು ಇನ್ನೊಮ್ಮೆ ನುಡಿಸಿ. ಕೈಯ ಸಣ್ಣಪುಟ್ಟ ವ್ಯತ್ಯಾಸಗಳೇ ಅಗಲ ಕೊಡುತ್ತವೆ.

ಮುಗಿಸುವ ಮೊದಲು ಎಲ್ಲವನ್ನೂ ಮೋನೋದಲ್ಲಿ ಒಮ್ಮೆ ಕೇಳಿ. ಒಂದೇ ಸ್ಪೀಕರಿನ ಫೋನಿನಲ್ಲಿ ನಿಮ್ಮ ಹಾಡು ಕೇಳುವವರೂ ಇರುತ್ತಾರೆ.