ಚಿರತೆ ಎಲ್ಲೈತ್ರಿ?

‘ಇವತ್ತೂ ಸಾಲಿ ಸೂಟಿ ಏನ್ರಿ?’

2022ರ ಆಗಸ್ಟ್ ತಿಂಗಳಲ್ಲಿ ಬೆಳಗಾವಿಯ ಕ್ಲಬ್ ರಸ್ತೆ, ಜಾಧವ ನಗರದ ಕಡೆ ಬೆಳಗಾಗುತ್ತಿದ್ದುದೇ ಈ ಮಾತಿನಿಂದ. 5ರಂದು ಜಾಧವ ನಗರದಲ್ಲಿ ಕಟ್ಟಡ ಕಾರ್ಮಿಕರೊಬ್ಬರ ಮೇಲೆ ಎರಗಿದ ಚಿರತೆ ಗಾಲ್ಫ್ ಮೈದಾನದ ಪೊದೆಗಳಲ್ಲಿ ಅಡಗಿದೆಯೆಂದು ಸುತ್ತಲಿನ 22 ಶಾಲೆಗಳಿಗೆ ರಜೆ ಕೊಟ್ಟಿದ್ದರು. ಬೋನು ಇಟ್ಟರು, ಕ್ಯಾಮೆರಾ ಕಟ್ಟಿದರು. ಸಕ್ರೆಬೈಲಿನ ಆನೆ ಶಿಬಿರದಿಂದ ಆನೆಗಳು ಬಂದವು. ಸುರಿವ ಮಳೆಯಲ್ಲಿ, ಎದೆಮಟ್ಟದ ಹುಲ್ಲು ತುಳಿಯುತ್ತ ಆನೆ ನಡೆದರೆ ಬೇಲಿಯಾಚೆ ಕೊಡೆ, ರೇನ್‌ಕೋಟು, ಮೇಲೆತ್ತಿದ ಮೊಬೈಲುಗಳ ಸಾಲು.

ಹೊರಗೆ ಬರಬೇಡಿ ಅಂದರು, ಸರಿ. ನಸುಕಿನಲ್ಲೇ ಸೈಕಲ್ ಹತ್ತುವ ಹಾಲಿನವನು, ಪೇಪರ್ ಹುಡುಗ, ಮನೆಗೆಲಸದ ಹೆಂಗಸು ಬರದೇ ಇರುವುದು ಹೇಗೆ? ಒಬ್ಬೊಬ್ಬರೇ ಹೋಗಬೇಡಿ, ಬ್ಯಾಟರಿ ಹಿಡಿಯಿರಿ, ಮಾತಾಡುತ್ತ ನಡೆಯಿರಿ, ಕಂಡರೆ ಸುತ್ತುವರಿಯಬೇಡಿ ಎಂಬ ಮಾತು ಬೇಕಾದದ್ದು ಅವರಿಗೆ, ಕನ್ನಡದಲ್ಲೂ ಮರಾಠಿಯಲ್ಲೂ. ಕೊನೆಗೂ ಚಿರತೆ ಬೋನಿಗೆ ಬೀಳಲಿಲ್ಲ. ಶಾಲೆಗಳು ತೆರೆದವು. ಸಿಗದ ಚಿರತೆಯ ಭಯ ಹೇಗೆ ತೀರಿತು ಎಂದು ತಾಯಂದಿರನ್ನು ಕೂರಿಸಿ ಹೇಳುವುದು ರಜೆಯ ಆದೇಶಕ್ಕಿಂತ ದೊಡ್ಡ ಕೆಲಸವೆಂದೇ ನಾನು ನಂಬಿದ್ದೇನೆ.

ಬೆಳಗಾವಿ ಜಿಲ್ಲೆಯದೇ ಆದ ಖಾನಾಪುರದ ಮಳೆಗಾಲದಲ್ಲಿ, ಜನರಿಗೆ ಬಿಡಿಸಿ ಹೇಳುವ ಆ ಕೆಲಸ ಹೇಗಿರುತ್ತದೆಂದು ಕಾಣುತ್ತದೆ. ಹಾಲಾತ್ರಿ ಹಳ್ಳ ಉಕ್ಕಿದರೆ ಹೆಮ್ಮಡಗಾ ರಸ್ತೆ ಬಂದ್. ಸೇತುವೆಗಿಂತ ಮುಂಚೆಯೇ ಬ್ಯಾರಿಕೇಡ್, ಅದಕ್ಕೆ ಸಿಕ್ಕಿಸಿದ ಹಸಿ ಟೊಂಗೆ, ಪಕ್ಕದಲ್ಲಿ ತೊಯ್ದು ತೊಪ್ಪೆಯಾದ ಹೋಮ್‌ಗಾರ್ಡ್. ‘ಪುಲಾವರ್ ಪಾಣಿ ಆಹೆ, ದಾದಾ’ (ಸೇತುವೆ ಮೇಲೆ ನೀರಿದೆ, ಅಣ್ಣಾ) ಎಂದು ಬೈಕಿನವನಿಗೆ ಮರಾಠಿಯಲ್ಲಿ; ಹಿಂದೆ ಬಂದವನಿಗೆ ಕನ್ನಡದಲ್ಲಿ, ‘ಸಂಜಿತನಕಾ ಇಳ್ಯಾಂಗಿಲ್ರಿ, ಸುತ್ತ ಹೊಡದ ಹೋಗ್ರಿ.’ ಎಲ್ಲಿ, ಎಷ್ಟು ಹೊತ್ತು, ಏನು ಮಾಡಬೇಕು, ಮೂರೂ ಬಂದವು. ಬೈಕು ತಿರುಗುತ್ತದೆ.

ಅಲ್ಲಿಂದ ಮುಂದೆ, ಭೀಮಗಡದ ಕಾಡಿನ ಊರುಗಳಿಗೆ ಹೇಳುವವರು ಯಾರು? 2023ರ ಅಕ್ಟೋಬರ್ 12ರಂದು ರಾಜ್ಯದ ಫೋನುಗಳು ಒಮ್ಮೆಲೇ ಕಿರುಚಿ ತುರ್ತು ಸಂದೇಶದ ಪರೀಕ್ಷೆ ನಡೆಯಿತು. ನೆಟ್‌ವರ್ಕ್ ಹುಡುಕಿ ದಿಬ್ಬ ಹತ್ತಬೇಕಾದ ಊರಿಗೆ ಆ ಸೈರನ್ನು ದೂರವೇ. 2024ರ ಜುಲೈಯಲ್ಲಿ ಆ ಕಾಡೊಳಗಿನ ಆಮಗಾಂವದ ಜನ ಕಾಯಿಲೆಬಿದ್ದ ಹೆಣ್ಣುಮಗಳನ್ನು ಜಡಿಮಳೆಯಲ್ಲಿ ಹೊತ್ತುಕೊಂಡೇ ಕಾಡು ದಾಟಿದರು. ಮಳೆ ಹಿಡಿಯುವ ಮುನ್ನ, ಮೇ ತಿಂಗಳಲ್ಲೇ ತಾಲ್ಲೂಕು ಕಚೇರಿಯವರು ಅಲ್ಲಿಗೆ ಹೋಗಿ ಜನರೆದುರು ಕೂತು ಹೇಳಬೇಕು: ಯಾವ ಹಳ್ಳ ಮೊದಲು ಉಕ್ಕುತ್ತದೆ, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ, ದಿನ ತುಂಬಿದ ಬಸುರಿಯರನ್ನು ಎಂದು ಊರಿಂದ ಹೊರಡಿಸಬೇಕು.